ಹಳೆಯ ಗಾಡಿಯ ಗೇರ್ ಎಣ್ಣೆಯನ್ನು ನಾವೇ ಬದಲಿಸೋಣ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಬದು, ಬಾವಿ ಇವುಗಳ ವಿಷಯವನ್ನು ತಾವು ಇಂಥ ಸಭೆಗಳಲ್ಲಿ ಬಹಳ ಸಲ ಕೇಳಿದ್ದೀರಿ. ನಾನು ಇಂದು ಹೇಳಬೇಕೆಂದಿರುವುದು ಅಷ್ಟು ದೊಡ್ಡ ವಿಷಯವೇನೂ ಅಲ್ಲ. ತಮ್ಮ ಅಂಗಳದಲ್ಲಿ ನಿಂತಿರುವ ಹಳೆಯ ಜೀಪು ಅಥವಾ ಕಾರಿನ ಹೊಟ್ಟೆಯೊಳಗೆ ಕಣ್ಣಿಗೆ ಬೀಳದಂತೆ ಇರುವ ಎಣ್ಣೆಯ ವಿಷಯ. ಇಂಜಿನ್ನಿನ ಎಣ್ಣೆಯನ್ನು ಎಲ್ಲರೂ ಬಲ್ಲರು. ಕಡ್ಡಿ ಎಳೆದು ನೋಡುತ್ತಾರೆ, ಕಡಮೆಯಾದರೆ ಹಾಕುತ್ತಾರೆ. ಆದರೆ ಗೇರ್‌ಬಾಕ್ಸಿನಲ್ಲಿಯೂ ಹಿಂದಿನ ಡಿಫರೆನ್ಷಿಯಲ್ಲಿನಲ್ಲಿಯೂ ಬೇರೆ ಎಣ್ಣೆ ಇದೆ, ಅದಕ್ಕೂ ವಯಸ್ಸಾಗುತ್ತದೆ ಎಂಬುದನ್ನು ಬಹು ಜನ ಮರೆತೇ ಬಿಡುತ್ತಾರೆ. ಬಹುತೇಕ ಹಳೆಯ ಗಾಡಿಗಳಲ್ಲಿ ಅದನ್ನು ನೋಡಲು ಕಡ್ಡಿಯೂ ಇಲ್ಲ. ಗಾಡಿ ನಿಲ್ಲುವವರೆಗೆ ಅದರ ನೆನಪೇ ಬರುವುದಿಲ್ಲ.

ನಮ್ಮ ಅಜ್ಜಂದಿರು ಈ ಮರೆವನ್ನು ಮಾಡುತ್ತಿರಲಿಲ್ಲ. ಚಕ್ಕಡಿ ಹೂಡುವ ಮೊದಲು ಅಚ್ಚಿಗೆ ಕೀಲೆಣ್ಣೆ ಇದೆಯೋ ಇಲ್ಲವೋ ನೋಡುತ್ತಿದ್ದರು. ಎಣ್ಣೆ ಒಣಗಿದ ಚಕ್ಕಡಿ ಕಿರುಗುಟ್ಟಿ ಊರಿಗೆಲ್ಲ ಸಾರುತ್ತಿತ್ತು. ಮೋಟಾರು ಗಾಡಿ ಹಾಗಲ್ಲ. ಅದು ಬಹಳ ದಿನ ಸುಮ್ಮನಿದ್ದು, ಕೊನೆಗೆ ಒಂದು ದಿನ ನಡುದಾರಿಯಲ್ಲಿ ಕೈಬಿಡುತ್ತದೆ.

1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ವಿಕಾಸ ಯೋಜನೆ ಆರಂಭವಾದ ಮೇಲೆ ಬ್ಲಾಕಿನ ಜೀಪು ಹಳ್ಳಿಹಳ್ಳಿಗೆ ಬಂದಿತು. ಅಂಥ ಜೀಪುಗಳ ಮಕ್ಕಳು ಮೊಮ್ಮಕ್ಕಳು ಇನ್ನೂ ನಮ್ಮ ಸೀಮೆಯಲ್ಲಿ ಓಡಾಡುತ್ತಿವೆ. ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಕಾರು, ಪ್ರೀಮಿಯರ್ ಪದ್ಮಿನಿ, ಮಾರುತಿ ಓಮ್ನಿ ಇವೂ ಕೆಲವರ ಮನೆಯಲ್ಲಿವೆ. ಲಕ್ಷ್ಮೇಶ್ವರದ ಕಡೆಯ ಎರೆ ಹೊಲದ ಕೆಸರು, ಶಿರಹಟ್ಟಿ ಮುಂಡರಗಿ ನಡುವಣ ಕಪ್ಪತಗುಡ್ಡದ ಕೆಂಪು ಧೂಳು, ಗದಗ-ಬೆಟಗೇರಿಯ ಪೇಟೆಗೆ ಒಯ್ಯುವ ಉಳ್ಳಾಗಡ್ಡಿ ಮೆಣಸಿನಕಾಯಿಯ ಹೇರು, ಇವೆಲ್ಲವನ್ನೂ ಈ ಗಾಡಿಗಳು ತಡೆದುಕೊಂಡು ಬಂದಿವೆ. ಅವು ಇನ್ನೂ ಹತ್ತು ವರ್ಷ ನಡೆಯಬೇಕಾದರೆ ಅವುಗಳ ಎಣ್ಣೆಯನ್ನು ನಾವು ನೋಡಿಕೊಳ್ಳಬೇಕು. ಈ ಕೆಲಸಕ್ಕೆ ದೊಡ್ಡ ವಿದ್ಯೆ ಬೇಡ. ಕ್ರಮ ಬೇಕು.

ನಾನು ಕಲಿತ ಪಾಠ

ಕ್ರಮ ತಪ್ಪಿದರೆ ಏನಾಗುತ್ತದೆಂಬುದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. 2008ರಲ್ಲಿ ನಮ್ಮ ರಾಜ್ಯಕ್ಕೆ 108 ಆಂಬುಲೆನ್ಸ್ ಬರುವುದಕ್ಕೂ ಮೊದಲಿನ ಮಾತು. ನಮ್ಮ ಮನೆಯಲ್ಲಿ ಒಂದು ಹಳೆಯ ಜೀಪು ಇತ್ತು. ರಾತ್ರಿ ಹೊತ್ತು ಯಾರಿಗೆ ಏನಾದರೂ ಊರಿನವರು ನಮ್ಮ ಬಾಗಿಲಿಗೇ ಬರುತ್ತಿದ್ದರು.

ಮಳೆಗಾಲದ ಒಂದು ಸಂಜೆ ಡಿಫರೆನ್ಷಿಯಲ್ಲಿನ ಎಣ್ಣೆ ಬದಲಿಸೋಣವೆಂದು ಗಾಡಿಯ ಕೆಳಗೆ ಮಲಗಿದೆ. ಕೆಳಗಿನ ಬಿರಡೆಯನ್ನು ಬಿಚ್ಚಿದೆ. ಎಣ್ಣೆಯೆಲ್ಲ ಇಳಿದು ಹೋಯಿತು. ಆಮೇಲೆ ಹೊಸ ಎಣ್ಣೆ ಹಾಕಲೆಂದು ಮೇಲಿನ ಬಿರಡೆಗೆ ಪಾನಾ ಹಚ್ಚಿದೆ. ವರ್ಷಗಟ್ಟಲೆ ಯಾರೂ ಮುಟ್ಟದ ಆ ಬಿರಡೆ ತುಕ್ಕು ಹಿಡಿದು ಕಲ್ಲಾಗಿತ್ತು. ಪಾನಾ ಜಾರಿ ಬಿರಡೆಯ ಮೂಲೆಗಳು ಸವೆದು ದುಂಡಗಾದವು. ಈಗ ಹಳೆಯ ಎಣ್ಣೆಯೂ ಇಲ್ಲ, ಹೊಸ ಎಣ್ಣೆ ಹಾಕಲು ದಾರಿಯೂ ಇಲ್ಲ. ಬೆಳಗಾಗಲಿ, ಮಿಸ್ತ್ರಿಯನ್ನು ಕರೆದರಾಯಿತು ಎಂದು ಕೈ ತೊಳೆದುಕೊಂಡೆ.

ಅದೇ ರಾತ್ರಿ ನೆರೆಮನೆಯ ಹುಡುಗನಿಗೆ ಹಾವು ಕಡಿಯಿತು. ಅವನ ತಂದೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದ. ಜೀಪು ಅಲ್ಲಿಯೇ ನಿಂತಿತ್ತು. ಅದನ್ನು ತೋರಿಸಿ “ಹೋಗುವುದಿಲ್ಲ” ಎಂದು ನಾನು ಹೇಳಬೇಕಾಯಿತು. ಒಬ್ಬ ಹುಡುಗ ಸೈಕಲ್ ಮೇಲೆ ಪಕ್ಕದ ಊರಿಗೆ ಹೋಗಿ ಬೇರೆ ಗಾಡಿ ಕರೆತರುವುದಕ್ಕೆ ಒಂದು ತಾಸು ಹಿಡಿಯಿತು. ಮಗು ಬದುಕಿತು, ಅದು ದೇವರ ದಯೆ ಮತ್ತು ಡಾಕ್ಟರರ ಶ್ರಮ. ಆದರೆ ಆ ಒಂದು ತಾಸನ್ನು ನಾನು ಇಂದಿಗೂ ಮರೆತಿಲ್ಲ.

ಆದ್ದರಿಂದ ನನ್ನ ಮೊದಲನೆಯ ಮಾತೂ ಕೊನೆಯ ಮಾತೂ ಇದೇ: ಎಣ್ಣೆ ಹಾಕುವ ಮೇಲಿನ ಬಿರಡೆಯನ್ನು ಮೊದಲು ಬಿಚ್ಚಬೇಕು. ಅದು ಬಿಚ್ಚಿದ ಮೇಲೆಯೇ ಎಣ್ಣೆ ಇಳಿಸುವ ಕೆಳಗಿನ ಬಿರಡೆಗೆ ಕೈ ಹಚ್ಚಬೇಕು. ಮೇಲಿನದು ಬಾರದಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಹಳೆಯ ಎಣ್ಣೆಯಾದರೂ ಒಳಗಿದ್ದರೆ ಗಾಡಿ ಮಿಸ್ತ್ರಿಯ ಬಾಗಿಲವರೆಗೆ ನಡೆದೇ ಹೋಗುತ್ತದೆ.

ಎಣ್ಣೆ ಎಲ್ಲಿದೆ, ಅದರ ಕೆಲಸವೇನು?

ಇಂಜಿನ್ನಿನ ಹಿಂದೆ ಗೇರ್‌ಬಾಕ್ಸು. ಅದರಿಂದ ಉದ್ದನೆಯ ಶಾಫ್ಟು ಹಿಂದಕ್ಕೆ ಹೋಗಿ, ಎರಡು ಹಿಂಗಾಲಿಗಳ ನಡುವೆ ಇರುವ ದುಂಡನೆಯ ಗಡಿಗೆಯಂಥ ಭಾಗಕ್ಕೆ ಕೂಡುತ್ತದೆ. ಅದೇ ಡಿಫರೆನ್ಷಿಯಲ್.

ಡಿಫರೆನ್ಷಿಯಲ್ ಏತಕ್ಕೆ ಬೇಕು? ಕಣದಲ್ಲಿ ಹಂತಿ ಹೊಡೆದುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮೇಟಿಯ ಹತ್ತಿರದ ಎತ್ತು ನಿಂತಲ್ಲಿಯೇ ಎಂಬಂತೆ ಸಣ್ಣ ಹೆಜ್ಜೆ ಇಡುತ್ತದೆ. ಹೊರ ತುದಿಯ ಎತ್ತು ದೊಡ್ಡ ಸುತ್ತು ಹಾಕಬೇಕು. ಎರಡಕ್ಕೂ ಒಂದೇ ನಡಿಗೆ ನಡೆಯೆಂದರೆ ಹಂತಿ ತಿರುಗಲಾರದು. ಗಾಡಿ ತಿರುವಿನಲ್ಲಿ ಹೋಗುವಾಗಲೂ ಹಾಗೆಯೇ. ಒಳಗಿನ ಗಾಲಿ ಕಡಮೆ ದಾರಿ, ಹೊರಗಿನ ಗಾಲಿ ಹೆಚ್ಚು ದಾರಿ ನಡೆಯಬೇಕು. ಇಂಜಿನ್ನಿನ ಬಲವನ್ನು ಎರಡಕ್ಕೂ ಕೊಟ್ಟು, ಅವವುಗಳ ನಡಿಗೆಯನ್ನು ಅವವುಗಳಿಗೆ ಬಿಡುವ ಯಂತ್ರವೇ ಡಿಫರೆನ್ಷಿಯಲ್.

ಇದರೊಳಗೆ ಪಿನಿಯನ್ ಎಂಬ ಚಿಕ್ಕ ಹಲ್ಲಿನ ಚಕ್ರ ಕ್ರೌನ್ ಎಂಬ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಬಹಳ ಗಾಡಿಗಳಲ್ಲಿ ಈ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಒತ್ತಿ ಜಾರುತ್ತವೆ ಕೂಡ. ಇಡೀ ಹೇರಿನ ಭಾರ ಆ ಹಲ್ಲುಗಳ ಸಣ್ಣ ಜಾಗದ ಮೇಲೆ ಬೀಳುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಡುವೆ ನಿಲ್ಲುವುದು ಎಣ್ಣೆಯ ತೆಳ್ಳನೆಯ ಪರೆ ಮಾತ್ರ. ಎಣ್ಣೆ ಕಡಮೆಯಾದರೆ, ಹಳಸಿದರೆ, ನೀರು ಸೇರಿದರೆ ಆ ಪರೆ ಹರಿಯುತ್ತದೆ. ಹಲ್ಲು ಸವೆಯುತ್ತದೆ, ಬೇರಿಂಗು ಕೆಡುತ್ತದೆ, ಗೊಂಯ್ ಎಂಬ ಶಬ್ದ ಹುಟ್ಟುತ್ತದೆ. ಇನ್ನೂ ಅಲಕ್ಷ್ಯ ಮಾಡಿದರೆ ಗಾಲಿಗಳು ಓಟದಲ್ಲಿಯೇ ಬಿಗಿದುಕೊಂಡು ಅಪಘಾತವೂ ಆಗಬಹುದು.

ಎಲ್ಲ ಗಾಡಿಗಳ ರಚನೆ ಒಂದೇ ಅಲ್ಲ. ನಾಲ್ಕೂ ಗಾಲಿಗೆ ಬಲ ಹೋಗುವ ಜೀಪಿನಲ್ಲಿ ಗೇರ್‌ಬಾಕ್ಸು, ಅದರ ಹಿಂದೆ ಟ್ರಾನ್ಸ್‌ಫರ್ ಕೇಸು, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್ ಹೀಗೆ ನಾಲ್ಕು ಕಡೆ ಎಣ್ಣೆ ಇರುತ್ತದೆ. ಅಂಬಾಸಡರ್, ಓಮ್ನಿಗಳಲ್ಲಿ ಎರಡು ಕಡೆ. ಮಾರುತಿ 800ರಂತೆ ಮುಂಗಾಲಿಯಿಂದ ಎಳೆಯುವ ಕಾರಿನಲ್ಲಿ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು ಎರಡೂ ಒಂದೇ ಪೆಟ್ಟಿಗೆಯಲ್ಲಿವೆ, ಎಣ್ಣೆಯೂ ಒಂದೇ. ಟ್ರ್ಯಾಕ್ಟರಿನ ಮಾತು ಬೇರೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರುಗಳ ಎಣ್ಣೆಯೇ ಹೈಡ್ರಾಲಿಕ್ ಲಿಫ್ಟಿಗೂ ಹೋಗುತ್ತದೆ. ಆದ್ದರಿಂದ ನಾನು ಇಲ್ಲಿ ಹೇಳುವ ಎಣ್ಣೆಯನ್ನು ಟ್ರ್ಯಾಕ್ಟರಿಗೆ ಹಾಕಬಾರದು.

ಯಾವ ಎಣ್ಣೆ?

ಈ ಪ್ರಶ್ನೆಗೆ ಸರಿಯಾದ ಉತ್ತರ ಗಾಡಿಯ ಕೈಪಿಡಿಯಲ್ಲಿದೆ. ಕೈಪಿಡಿ ಇಲ್ಲದವರು ಅದೇ ಜಾತಿಯ ಗಾಡಿ ಇಟ್ಟವರಲ್ಲಿ ಕೇಳಿ ಓದಿಸಿಕೊಳ್ಳಬೇಕು. ಅಂಗಡಿಯವರು ಕೊಟ್ಟದ್ದನ್ನು ಕಣ್ಣು ಮುಚ್ಚಿ ತರಬಾರದು. ಡಬ್ಬಿಯ ಮೇಲೆ ಎರಡು ಗುರುತುಗಳನ್ನು ನೋಡಬೇಕು.

ಮೊದಲನೆಯದು ಎಣ್ಣೆಯ ಮಂದ. ಅದನ್ನು ಎಸ್.ಎ.ಇ. 90, 80ಡಬ್ಲ್ಯು-90, 140 ಎಂದು ಬರೆದಿರುತ್ತಾರೆ. ಗೇರ್ ಎಣ್ಣೆಯ ಅಂಕಿಯೂ ಇಂಜಿನ್ ಎಣ್ಣೆಯ ಅಂಕಿಯೂ ಬೇರೆ ಬೇರೆ ಅಳತೆಗಳು. 90 ಎಂಬ ಗೇರ್ ಎಣ್ಣೆ 40ರ ಇಂಜಿನ್ ಎಣ್ಣೆಗಿಂತ ಎರಡು ಪಟ್ಟು ಮಂದವೆಂದು ತಿಳಿಯಬಾರದು. ಅವೆರಡರ ಮಂದ ಹೆಚ್ಚು ಕಡಮೆ ಹತ್ತಿರವೇ. ಕೆಲವು ಹಳೆಯ ಕಾರುಗಳ ಗೇರ್‌ಬಾಕ್ಸಿಗೆ ಇಂಜಿನ್ ಎಣ್ಣೆಯನ್ನೇ ಹಾಕಬೇಕೆಂದು ತಯಾರಕರು ಹೇಳಿದ್ದುಂಟು. ಅಂಥ ಕಡೆ ಗೇರ್ ಎಣ್ಣೆ ಹಾಕಿದರೆ ಗೇರು ಬೀಳುವುದು ಬಿಗಿಯಾಗುತ್ತದೆ.

ಎರಡನೆಯದು ಎಣ್ಣೆಯ ದರ್ಜೆ. ಅದನ್ನು ಜಿ.ಎಲ್.-4, ಜಿ.ಎಲ್.-5 ಎಂದು ಬರೆದಿರುತ್ತಾರೆ. ಜಾರುವ ಹಲ್ಲುಗಳ ಮೇಲಿನ ಒತ್ತಡವನ್ನು ತಡೆಯಲು ಗೇರ್ ಎಣ್ಣೆಯಲ್ಲಿ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಡಬ್ಬಿ ತೆರೆದಾಗ ಬರುವ ಘಾಟು ವಾಸನೆ ಅದರದೇ. ಜಿ.ಎಲ್.-5ರಲ್ಲಿ ಇವು ಹೆಚ್ಚು. ಡಿಫರೆನ್ಷಿಯಲ್ಲಿಗೆ ಇದು ಒಳ್ಳೆಯದು. ಆದರೆ ಹಳೆಯ ಗೇರ್‌ಬಾಕ್ಸಿನಲ್ಲಿ ಗೇರುಗಳನ್ನು ಮೆತ್ತಗೆ ಕೂಡಿಸುವ ಹಿತ್ತಾಳೆ ಬಳೆಗಳಿರುತ್ತವೆ. ಹೆಚ್ಚಿನ ಗಂಧಕ ಹಿತ್ತಾಳೆಯನ್ನು ನಿಧಾನವಾಗಿ ತಿನ್ನಬಹುದು. ಅದಕ್ಕಾಗಿ ಅನೇಕ ಗಾಡಿಗಳಲ್ಲಿ ಗೇರ್‌ಬಾಕ್ಸಿಗೆ ಜಿ.ಎಲ್.-4, ಡಿಫರೆನ್ಷಿಯಲ್ಲಿಗೆ ಜಿ.ಎಲ್.-5 ಎಂದು ಬೇರೆ ಬೇರೆ ಹೇಳಿರುತ್ತಾರೆ. ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿಯುವ ಮೊದಲು ಇದನ್ನು ನೆನಪಿಡಬೇಕು.

ಇಂಜಿನ್ನಿನಿಂದ ತೆಗೆದ ಕರಿ ಎಣ್ಣೆಯನ್ನು ಡಿಫರೆನ್ಷಿಯಲ್ಲಿಗೆ ಹಾಕುವ ರೂಢಿಯನ್ನು ಕಂಡಿದ್ದೇನೆ. ಅದು ಉಳಿತಾಯವಲ್ಲ. ನಾಲ್ಕು ಕಾಸು ಉಳಿಸಿ ಕ್ರೌನ್ ಪಿನಿಯನ್ನನ್ನು ಕಳೆದುಕೊಳ್ಳುವ ವ್ಯಾಪಾರ.

ಬೇಕಾಗುವ ಸಾಮಾನು

ಬಿರಡೆಗೆ ಸರಿಯಾಗಿ ಕೂಡುವ ಪಾನಾ ಅತಿ ಮುಖ್ಯ. ಬಾಯಿ ತೆರೆದ ಪಾನಾಕ್ಕಿಂತ ಬಿರಡೆಯ ತಲೆಯನ್ನು ಸುತ್ತಲೂ ಹಿಡಿಯುವ ರಿಂಗ್ ಪಾನಾ ಲೇಸು. ಕೆಲವು ಬಿರಡೆಗಳಲ್ಲಿ ಚೌಕನೆಯ ಕುಳಿ ಇರುತ್ತದೆ. ಅದಕ್ಕೆ ಚೌಕ ಕೀಲಿಯೇ ಬೇಕು. ಜೊತೆಗೆ ತಂತಿಯ ಬ್ರಷ್ಷು, ಐದಾರು ಲೀಟರು ಹಿಡಿಯುವ ಅಗಲವಾದ ಬೋಗುಣಿ, ಲಾಳಿಕೆ, ಒಂದೆರಡು ಮೀಟರು ರಬ್ಬರು ಕೊಳವೆ, ಸ್ವಚ್ಛವಾದ ಅರಿವೆ, ಬಿರಡೆಗೆ ಹೊಸ ವಾಷರು. ಎಣ್ಣೆ ತಳ್ಳುವ ಕೈಪಂಪು ಸಿಕ್ಕರೆ ಕೆಲಸ ಹಗುರವಾಗುತ್ತದೆ. ಎಷ್ಟು ಎಣ್ಣೆ ಬೇಕೆಂಬುದನ್ನು ಕೈಪಿಡಿಯಲ್ಲಿ ನೋಡಿ, ಅರ್ಧ ಲೀಟರು ಹೆಚ್ಚಿಗೆ ತರಬೇಕು. ಹಳೆಯ ಜೀಪುಗಳಲ್ಲಿ ಸಾಮಾನ್ಯವಾಗಿ ಒಂದೊಂದು ಪೆಟ್ಟಿಗೆಗೆ ಒಂದರಿಂದ ಒಂದೂವರೆ ಲೀಟರಿನಷ್ಟು ಹಿಡಿಯುತ್ತದೆ.

ಜೀವ ಮೊದಲು, ಗಾಡಿ ಆಮೇಲೆ

ಗಾಡಿಯ ಕೆಳಗೆ ಹೋಗುವವನು ತನ್ನ ಜೀವವನ್ನು ಗಾಡಿಯ ಭಾರಕ್ಕೆ ಒಡ್ಡುತ್ತಾನೆ. ಜೀಪು ಎತ್ತರವಾಗಿರುವುದರಿಂದ ಅದನ್ನು ಎತ್ತುವ ಅಗತ್ಯವೇ ಬೀಳದು. ಗಾಲಿಗಳ ಮೇಲೆ ನಿಂತಿದ್ದಾಗಲೇ ಕೆಲಸ ಮಾಡಬಹುದು. ಕಾರನ್ನು ಎತ್ತಬೇಕಾದರೆ ಬರಿಯ ಜ್ಯಾಕಿನ ಮೇಲೆ ಬಿಟ್ಟು ಕೆಳಗೆ ಎಂದಿಗೂ ಹೋಗಬಾರದು. ಜ್ಯಾಕು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಕಬ್ಬಿಣದ ಸ್ಟ್ಯಾಂಡುಗಳನ್ನು ಗಟ್ಟಿ ನೆಲದ ಮೇಲೆ ಇಟ್ಟು ಅವುಗಳ ಮೇಲೆ ಇಳಿಸಬೇಕು. ಇಟ್ಟಿಗೆ, ಹೆಂಟೆ, ಸಡಿಲ ಕಲ್ಲುಗಳನ್ನು ಪೇರಿಸಬಾರದು. ಇಟ್ಟಿಗೆ ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ. ಎರೆ ನೆಲದ ಮೇಲಂತೂ ಈ ಕೆಲಸ ಬೇಡ. ಸ್ಟ್ಯಾಂಡು ಹೂತು ಹೋಗುತ್ತದೆ. ಗಾಲಿಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಇಡಬೇಕು. ಹ್ಯಾಂಡ್‌ಬ್ರೇಕು ಎಳೆದು, ಚಾವಿಯನ್ನು ನಮ್ಮ ಕಿಸೆಯಲ್ಲಿಯೇ ಇಟ್ಟುಕೊಳ್ಳಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು. ಒಬ್ಬ ದೊಡ್ಡವರು ಹೊರಗೆ ಜೊತೆಗಿರಬೇಕು.

ಕೆಲಸದ ಕ್ರಮ

ಒಂದು. ಮೊದಲು ಗಾಡಿಯನ್ನು ಹತ್ತು ಹದಿನೈದು ಕಿಲೋಮೀಟರು ಓಡಿಸಿ ತರಬೇಕು. ಬೆಚ್ಚಗಾದ ಎಣ್ಣೆ ಬೇಗ ಇಳಿಯುತ್ತದೆ. ತಳದಲ್ಲಿ ಕುಳಿತ ಕಸವನ್ನೂ ಜೊತೆಗೆ ತರುತ್ತದೆ. ಸೈಲೆನ್ಸರ್ ಕೊಳವೆ ಸುಡುತ್ತಿರುವುದರಿಂದ ಸ್ವಲ್ಪ ಹೊತ್ತು ಬಿಟ್ಟು ಕೆಳಗೆ ಹೋಗಬೇಕು.

ಎರಡು. ಗಾಡಿ ಸಮನಾದ ನೆಲದ ಮೇಲೆ ನಿಂತಿರಬೇಕು. ಸ್ಟ್ಯಾಂಡಿನ ಮೇಲೆ ಏರಿಸಿದ್ದರೆ ಮುಂದೆ ಹಿಂದೆ ಎರಡೂ ಸಮನಾಗಿರಬೇಕು. ಓರೆಯಾಗಿದ್ದರೆ ಎಣ್ಣೆಯ ಮಟ್ಟ ತಪ್ಪುತ್ತದೆ.

ಮೂರು. ಬಿರಡೆಗಳ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆದು ಅರಿವೆಯಿಂದ ಒರೆಸಬೇಕು. ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೂ ಅದು ಬೇರಿಂಗಿಗೆ ಅರವಾಗುತ್ತದೆ.

ನಾಲ್ಕು. ಮೇಲಿನ ಬಿರಡೆಯನ್ನು ಮೊದಲು ಬಿಚ್ಚಬೇಕು. ಬಿರಡೆಯ ಕಡೆ ಮುಖ ಮಾಡಿ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಕೆಳಗೆ ಮಲಗಿದಾಗ ದಿಕ್ಕು ತಪ್ಪುವುದು ಸಹಜ. ಬಿಗಿಯಾಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು. ಮರುದಿನ ಬಿರಡೆಯ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಅಷ್ಟಕ್ಕೂ ಬಾರದಿದ್ದರೆ ಮಿಸ್ತ್ರಿಯ ಕೆಲಸ.

ಐದು. ಬೋಗುಣಿಯನ್ನು ಇಟ್ಟು ಕೆಳಗಿನ ಬಿರಡೆಯನ್ನು ಬಿಚ್ಚಬೇಕು. ಕೊನೆಯ ಸುತ್ತುಗಳನ್ನು ಕೈಯಿಂದ ತಿರುಗಿಸಿ ಥಟ್ಟನೆ ಕೈ ಹಿಂದಕ್ಕೆ ತೆಗೆಯಬೇಕು. ಎಣ್ಣೆ ಮೊದಲು ದೂರಕ್ಕೆ ಹಾರುತ್ತದೆ, ಆಮೇಲೆ ಹತ್ತಿರ ಬೀಳುತ್ತದೆ. ಬೋಗುಣಿಯನ್ನು ಅದಕ್ಕೆ ತಕ್ಕಂತೆ ಸರಿಸಬೇಕು. ಹನಿ ನಿಲ್ಲುವವರೆಗೆ ಅರ್ಧ ತಾಸು ಬಿಡಬೇಕು. ಕೆಲವು ಡಿಫರೆನ್ಷಿಯಲ್ಲುಗಳಿಗೆ ಕೆಳಗಿನ ಬಿರಡೆಯೇ ಇರುವುದಿಲ್ಲ. ಅಲ್ಲಿ ಮೇಲಿನ ತೂತಿನಿಂದ ಕೊಳವೆ ಇಳಿಸಿ ಪಂಪಿನಿಂದ ಹೀರಿ ತೆಗೆಯಬೇಕು. ಬಾಯಿಯಿಂದ ಎಳೆಯಬಾರದು.

ಆರು. ಒಳಗೆ ಚಿಮಣಿ ಎಣ್ಣೆ, ಡೀಸೆಲ್ ಹಾಕಿ ತೊಳೆಯುವ ಚಾಳಿ ಬೇಡ. ಮೂಲೆಯಲ್ಲಿ ಉಳಿದದ್ದು ಹೊಸ ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ.

ಏಳು. ಕೆಳಗಿನ ಬಿರಡೆಯನ್ನು ಒರೆಸಿ, ಹೊಸ ವಾಷರು ಹಾಕಿ, ಮೊದಲು ಕೈಯಿಂದಲೇ ನಾಲ್ಕಾರು ಸುತ್ತು ಕೂಡಿಸಬೇಕು. ಕೈಗೆ ಸಲೀಸಾಗಿ ಬಾರದಿದ್ದರೆ ಎಳೆ ತಪ್ಪಿದೆಯೆಂದು ತಿಳಿದು ಬಿಚ್ಚಿ ಮತ್ತೆ ಕೂಡಿಸಬೇಕು. ಆಮೇಲೆ ಪಾನಾದಿಂದ ಬಿಗಿಮಾಡಬೇಕು. ಪಾನಾಕ್ಕೆ ಉದ್ದನೆಯ ಕೊಳವೆ ಸಿಕ್ಕಿಸಿ ಜಗ್ಗಬಾರದು. ಎಳೆ ಕಿತ್ತು ಹೋಗುತ್ತದೆ.

ಎಂಟು. ಮೇಲಿನ ತೂತಿನಿಂದ ಹೊಸ ಎಣ್ಣೆಯನ್ನು ನಿಧಾನವಾಗಿ ತುಂಬಬೇಕು. ಬಹುತೇಕ ಹಳೆಯ ಗಾಡಿಗಳಲ್ಲಿ ಆ ತೂತಿನ ಕೆಳ ಅಂಚೇ ಎಣ್ಣೆಯ ಮಟ್ಟ. ಎಣ್ಣೆ ಅಂಚಿಗೆ ಬಂದು ಹೊರಗೆ ತುಳುಕತೊಡಗಿದರೆ ಸಾಕಾಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಇಳಿದಿದ್ದರೆ ತುಂಬಿ, ಬಿರಡೆ ಹಾಕಬೇಕು. ಕೆಲವು ಜೀಪುಗಳಲ್ಲಿ ಗೇರ್‌ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಎಣ್ಣೆ ಹರಿಯಲು ಒಳದಾರಿ ಇರುತ್ತದೆ. ಅಲ್ಲಿ ಎರಡನ್ನೂ ಒಟ್ಟಿಗೆ ಬದಲಿಸಿ, ಎರಡರ ಮಟ್ಟವನ್ನೂ ಎರಡೆರಡು ಸಲ ನೋಡಬೇಕು.

ಒಂಬತ್ತು. ಡಿಫರೆನ್ಷಿಯಲ್ಲಿನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಸಣ್ಣ ಉಸಿರುಗಂಡಿ ಇರುತ್ತದೆ. ನಮ್ಮ ಕೆಸರಿಗೆ ಅದು ಮುಚ್ಚಿಹೋಗಿರುತ್ತದೆ. ಅದನ್ನು ಸ್ವಚ್ಛ ಮಾಡದಿದ್ದರೆ ಬಿಸಿಯಾದಾಗ ಒಳಗಿನ ಗಾಳಿ ಹೊರಬರಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲಿನ ಮೂಲಕ ಗಾಲಿಯ ಕಡೆಗೆ ತಳ್ಳುತ್ತದೆ. ಆ ಎಣ್ಣೆ ಬ್ರೇಕಿನ ಪಟ್ಟಿಗೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ. ಹಿಂಗಾಲಿಯ ಒಳಮೈಯಲ್ಲಿ ಎಣ್ಣೆಯ ಕಲೆ ಕಂಡರೆ ಆ ಗಾಡಿಯನ್ನು ರಿಪೇರಿ ಮಾಡಿಸದೆ ರಸ್ತೆಗೆ ಇಳಿಸಬಾರದು.

ಹತ್ತು. ಸ್ವಲ್ಪ ದೂರ ಓಡಿಸಿ ತಂದು, ಬಿರಡೆಗಳು ಸೋರುತ್ತಿವೆಯೇ ನೋಡಬೇಕು. ತಾರೀಖು, ಗಾಡಿ ಓಡಿದ ಕಿಲೋಮೀಟರು, ಹಾಕಿದ ಎಣ್ಣೆಯ ಹೆಸರು ಇವನ್ನು ಒಂದು ಚೀಟಿಯಲ್ಲಿ ಬರೆದು ಗಾಡಿಯಲ್ಲಿಯೇ ಇಡಬೇಕು. ಮನುಷ್ಯ ಮರೆಯುತ್ತಾನೆ, ಚೀಟಿ ಮರೆಯುವುದಿಲ್ಲ.

ಹಳೆಯ ಎಣ್ಣೆ ಹೇಳುವ ಸುದ್ದಿ

ಇಳಿಸಿದ ಎಣ್ಣೆಯನ್ನು ನೋಡದೆ ಚೆಲ್ಲುವವನು ಬಂದ ಕಾಗದವನ್ನು ಓದದೆ ಹರಿದಂತೆ. ಎಣ್ಣೆ ಕಪ್ಪಗಾಗಿದ್ದರೆ ಅದಕ್ಕೆ ವಯಸ್ಸಾಗಿದೆ, ಅಷ್ಟೆ. ಬಿರಡೆಯ ತುದಿಯಲ್ಲಿ ಅಯಸ್ಕಾಂತವಿದ್ದು ಅದಕ್ಕೆ ಕಾಡಿಗೆಯಂತೆ ನುಣ್ಣನೆಯ ಕಬ್ಬಿಣದ ಪುಡಿ ಅಂಟಿದ್ದರೆ ಅದೂ ಸಹಜವಾದ ಸವೆತ. ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಬಂಗಾರದ ಬಣ್ಣದ ಪುಡಿ ಹೆಚ್ಚಾಗಿ ಹೊಳೆದರೆ ಹಿತ್ತಾಳೆ ಬಳೆಗಳು ಸವೆಯುತ್ತಿವೆ. ಕಬ್ಬಿಣದ ಚೂರು, ಹಲ್ಲಿನ ತುಂಡು ಕೈಗೆ ಸಿಕ್ಕರೆ ಹೊಸ ಎಣ್ಣೆ ಹಾಕಿ ಸಮಾಧಾನ ಪಡಬಾರದು, ಬಿಚ್ಚಿ ನೋಡಿಸಬೇಕು. ಎಣ್ಣೆ ಬಹಳ ಕಡಮೆ ಬಂದರೆ ಎಲ್ಲಿಯೋ ಸೋರುತ್ತಿದೆ. ಮರದ ಹೊಟ್ಟಿನಂಥ ಕಸ ಬಂದರೆ, ಹಿಂದಿನ ಮಾಲಕರು ಗೇರಿನ ಶಬ್ದ ಅಡಗಿಸಿ ಗಾಡಿ ಮಾರಿದ್ದಾರೆಂದು ತಿಳಿಯಬೇಕು. ಇದು ಹಲವು ದೇಶಗಳಲ್ಲಿ ಹಳೆಯ ಮೋಸ. ಆದ್ದರಿಂದ ಕೈಬದಲಾದ ಗಾಡಿ ಕೊಂಡವರು “ಎಣ್ಣೆ ಈಗ ತಾನೆ ಹಾಕಿಸಿದೆ” ಎಂಬ ಮಾತನ್ನು ನಂಬದೆ, ಮೊದಲ ವಾರದಲ್ಲಿಯೇ ಒಮ್ಮೆ ಬದಲಿಸುವುದು ಲೇಸು.

ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ. ನಮ್ಮ ಕಡೆ ಇದು ಹೆಚ್ಚು. ಕಾರಣ ನಾವು ಹಳ್ಳ ದಾಟುವವರು. ದೂರದಿಂದ ಬಂದ ಗಾಡಿಯ ಡಿಫರೆನ್ಷಿಯಲ್ ಬಿಸಿಯಾಗಿರುತ್ತದೆ. ಅದು ಒಮ್ಮೆಲೇ ಹಳ್ಳದ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಗಂಡಿಯಿಂದಲೂ ಹಳೆಯ ಸೀಲುಗಳಿಂದಲೂ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಗಾಲಿಯ ನಡುಮಟ್ಟದವರೆಗೆ ನೀರಿನಲ್ಲಿ ಇಳಿದ ಗಾಡಿಯ ಎಣ್ಣೆಯನ್ನು ಆ ವಾರವೇ ನೋಡಬೇಕು; ಬೆಳ್ಳಗಾಗಿದ್ದರೆ ವರ್ಷ ತುಂಬಲೆಂದು ಕಾಯದೆ ಬದಲಿಸಬೇಕು. ಹಳ್ಳ ತುಂಬಿ ಹರಿಯುವಾಗ ಮಾತ್ರ ಗಾಡಿ ಇಳಿಸಲೇಬಾರದು. ಕೆಟ್ಟ ಎಣ್ಣೆಯನ್ನು ಬದಲಿಸಬಹುದು, ಹೋದ ಜೀವವನ್ನು ತರಲಾಗದು.

ಉಳಿದ ಕಾಲದಲ್ಲಿ ಕೈಪಿಡಿ ಹೇಳಿದ ಅವಧಿಯನ್ನು ಪಾಲಿಸಬೇಕು. ಕೈಪಿಡಿ ಸಿಗದಿದ್ದರೆ ಎರಡು ವರ್ಷಕ್ಕೊಮ್ಮೆ, ಇಲ್ಲವೆ 30,000 ಕಿಲೋಮೀಟರಿಗೊಮ್ಮೆ, ಯಾವುದು ಮೊದಲೋ ಆಗ ಬದಲಿಸುವುದು ನಾನು ಇಟ್ಟುಕೊಂಡ ರೂಢಿ. ಮಳೆಗಾಲದ ಮೊದಲು ಒಮ್ಮೆ, ಸುಗ್ಗಿಯ ಹೇರು ಹೊರುವ ಮೊದಲು ಒಮ್ಮೆ ಮೇಲಿನ ಬಿರಡೆ ಬಿಚ್ಚಿ ಮಟ್ಟ ನೋಡಬೇಕು. ಹೀಗೆ ನೋಡುತ್ತಿದ್ದರೆ ಬಿರಡೆಯೂ ತುಕ್ಕು ಹಿಡಿಯುವುದಿಲ್ಲ.

ತೆಗೆದ ಎಣ್ಣೆಯನ್ನು ಏನು ಮಾಡಬೇಕು?

ಹಿತ್ತಲಲ್ಲಿ ಚೆಲ್ಲಬಾರದು, ಗಟಾರಕ್ಕೆ ಬಿಡಬಾರದು, ಒಲೆಗೆ ಸುರಿಯಬಾರದು. ಒಂದಿಷ್ಟು ಎಣ್ಣೆ ಕೃಷಿ ಹೊಂಡಕ್ಕೆ ಇಳಿದರೆ ನೀರಿನ ಮೇಲೆಲ್ಲ ಬಣ್ಣಬಣ್ಣದ ಪರೆ ಹರಡುವುದನ್ನು ತಾವೇ ಕಾಣಬಹುದು. ಲಕ್ಕುಂಡಿಯಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಿ ಬಾವಿಗಳನ್ನು ಕಾಪಾಡಿದ ಸೀಮೆ ನಮ್ಮದು. ನೀರು ಕಡಮೆ ಇರುವ ಈ ನಾಡಿನಲ್ಲಿ ನೀರನ್ನು ಕೆಡಿಸುವುದು ದೊಡ್ಡ ತಪ್ಪು. ದನದ ಹೆಗಲ ಗಾಯಕ್ಕೆ ಕರಿ ಎಣ್ಣೆ ಹಚ್ಚುವ ರೂಢಿಯನ್ನೂ ಬಿಡಬೇಕು. ಅದರಲ್ಲಿ ಗಂಧಕವೂ ಲೋಹದ ಪುಡಿಯೂ ಇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಹೊಸ ಎಣ್ಣೆ ತಂದ ಡಬ್ಬಿಯಲ್ಲಿಯೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ಬಳಸಿದ ಎಣ್ಣೆಯನ್ನು ಕೂಡಿಸಿ ಶುದ್ಧೀಕರಣಕ್ಕೆ ಕಳಿಸುವ ಗ್ಯಾರೇಜಿಗೆ ಕೊಡಬೇಕು. ಕೈಗಳನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂಡಬಾರದು.

ಕೂಡಿ ಮಾಡಿದರೆ ಹಗುರ

ಒಬ್ಬನೇ ಇಷ್ಟೆಲ್ಲ ಸಾಮಾನು ಎಲ್ಲಿಂದ ತರಲಿ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಗದಗಿನ ಮಗ್ಗುಲಲ್ಲಿಯೇ ಇದೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿಸಿದರು. ಅವರ ನಾಡಿನವರಾದ ನಾವು ಒಂದು ಪಾನಾ ಸೆಟ್ಟಿಗಾಗಿ ಹಿಂಜರಿಯಬೇಕೆ? ಊರಿನಲ್ಲಿ ನಾಲ್ಕೈದು ಹಳೆಯ ಗಾಡಿಗಳಿದ್ದರೆ, ಮಾಲಕರು ಕೂಡಿ ಒಂದು ಕೈಪಂಪು, ನಾಲ್ಕು ಸ್ಟ್ಯಾಂಡು, ಒಂದು ಒಳ್ಳೆಯ ರಿಂಗ್ ಪಾನಾ ಸೆಟ್ಟು ಕೊಳ್ಳಲಿ. ಎಲ್ಲ ಗಾಡಿಗೂ ಒಂದೇ ಜಾತಿಯ ಎಣ್ಣೆ ಬೇಕಾದರೆ ದೊಡ್ಡ ಡಬ್ಬಿಯನ್ನೇ ತಂದು ಹಂಚಿಕೊಳ್ಳಲಿ. ಒಂದು ಅಮಾವಾಸ್ಯೆಯ ದಿನ ಎತ್ತುಗಳಿಗೆ ವಿಶ್ರಾಂತಿ ಕೊಟ್ಟು ಗಾಡಿಗಳ ಸೇವೆ ಮಾಡಲಿ. ಆದರೆ ಎಲ್ಲ ಗಾಡಿಗಳನ್ನೂ ಒಂದೇ ಸಲ ಬಿಚ್ಚಬಾರದು. ಒಂದನ್ನು ಮುಗಿಸಿ, ಓಡಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಚ್ಚಬೇಕು. ಊರಿನಲ್ಲಿ ಒಂದು ಗಾಡಿ ಸದಾ ಹೊರಡಲು ಸಿದ್ಧವಾಗಿ ನಿಂತಿರಬೇಕು. ಇಂದು 108ಕ್ಕೆ ಫೋನು ಮಾಡಬಹುದು, ನಿಜ. ಆದರೂ ಮಳೆಯ ರಾತ್ರಿಯಲ್ಲಿ ಊರ ಗಾಡಿ ಊರಿಗೆ ಬೇಕೇ ಬೇಕು.

ಕೊನೆಗೆ ತರುಣರಿಗೆ ಒಂದು ಮಾತು. ಗಾಡಿ ಓಡಿಸುವುದನ್ನು ಎಲ್ಲರೂ ಕಲಿಯುತ್ತೀರಿ. ಅದರ ಕೆಳಗೆ ಮಲಗಿ ನೋಡುವುದನ್ನೂ ಕಲಿಯಿರಿ. ಕೈ ಕರಿಯಾದರೆ ಮಾನ ಹೋಗುವುದಿಲ್ಲ. ಇಂದು ಹೇಳಿದ್ದರಲ್ಲಿ ಬೇರೆಲ್ಲ ಮರೆತರೂ ಒಂದನ್ನು ಮಾತ್ರ ಮರೆಯಬೇಡಿ: ಮೊದಲು ಮೇಲಿನ ಬಿರಡೆ, ಆಮೇಲೆ ಕೆಳಗಿನದು.